ಕಾರ್ಟೂನ್‌ಗೆ ದನಿ ಕೊಟ್ಟರೆ ಸಿನಿಮಾದ ಬಾಗಿಲು ಮುಚ್ಚುತ್ತಾ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯವನು, 31 ವರ್ಷ. ಗಣೇಶನ ಹಬ್ಬ, ರಾಜ್ಯೋತ್ಸವ, ಆರ್ಕೆಸ್ಟ್ರಾ ಅಂತ ಎಂಟು ವರ್ಷದಿಂದ ಸ್ಟೇಜ್ ಮೇಲೆ ಕಾಮಿಡಿ, ಮಿಮಿಕ್ರಿ ಮಾಡುತ್ತಿದ್ದೇನೆ. ಮೂರು ಸಿನಿಮಾದಲ್ಲಿ ನಾಯಕನ ಗೆಳೆಯನ ಪಾತ್ರ ಮಾಡಿದೆ. ಈಗ ಬೆಂಗಳೂರಿನ ಒಂದು ಸ್ಟುಡಿಯೋದವರು ಕನ್ನಡಕ್ಕೆ ಡಬ್ ಆಗುತ್ತಿರುವ ಕಾರ್ಟೂನ್‌ನಲ್ಲಿ ಒಂದು ಪುಕ್ಕಲು ಕರಡಿಗೆ ದನಿ ಕೊಡಲು ಕರೆದಿದ್ದಾರೆ. 52 ಕಂತು. ಗೆಳೆಯರು ‘ಒಂದ್ಸಲ ಕಾರ್ಟೂನ್ ವಾಯ್ಸ್ ಅಂತ ಹಣೆಪಟ್ಟಿ ಬಿತ್ತು ಅಂದ್ರೆ ಸಿನಿಮಾದವರು ಕರೆಯಲ್ಲ, ಮುಖ ಓಡದವರು ಮಾಡೋ ಕೆಲಸ ಅದು’ ಅಂತಾರೆ. ಇಪ್ಪತ್ತು ಜನರ ದನಿ ಮಾಡ್ತೀನಿ, ಆದ್ದರಿಂದ ಕೆಲಸ ಕಷ್ಟ ಆಗಲ್ಲ ಅನ್ಕೊಂಡಿದ್ದೀನಿ. ಆದರೆ ಟೆಸ್ಟ್ ಕೊಟ್ಟ ದಿನ ಸಂಜೆ ಗಂಟಲು ಕಟ್ಟಿತ್ತು. ಒಂದೇ ಪುಟದ ಅಗ್ರಿಮೆಂಟ್ ಕೊಟ್ಟಿದ್ದಾರೆ, ಅದರಲ್ಲಿ ‘ಎಲ್ಲ ಮಾಧ್ಯಮ, ಎಲ್ಲ ಉದ್ದೇಶ, ಶಾಶ್ವತವಾಗಿ’ ಅಂತ ಇದೆ. ಸೋಮವಾರ ಬರಲು ಹೇಳಿದ್ದಾರೆ. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ಕೇಳಿರುವುದು ನಾಲ್ಕು ಪ್ರಶ್ನೆ, ಆದರೆ ಒಳಗಿನ ಭಯ ಒಂದೇ ಅನ್ನಿಸಿತು. ಮೈಕ್ ಹಿಂದೆ ನಿಂತರೆ ಕ್ಯಾಮೆರಾ ಮುಂದಿನ ಜಾಗ ಕೈತಪ್ಪಿ ಹೋಗುತ್ತದೆ ಅನ್ನುವ ಭಯ. ಈ ಮಾತನ್ನು ನಾನು ಇಪ್ಪತ್ತೆರಡು ವರ್ಷದಿಂದ ಕೇಳುತ್ತಿದ್ದೇನೆ. ಶುರುವಿನಲ್ಲಿ ಕನ್ನಡ ಬಾರದ ನಾಯಕಿಯರಿಗೆ ದನಿ ಕೊಡುತ್ತಿದ್ದೆ, ಈಗ ಗಾಜಿನ ಈಚೆ ಕೂತು ಬೇರೆಯವರಿಂದ ಡಬ್ಬಿಂಗ್ ಮಾಡಿಸುತ್ತೇನೆ. ಹಾಗಾಗಿ ಎರಡೂ ಕಡೆಯಿಂದ ನೋಡಿ ಹೇಳುತ್ತಿದ್ದೇನೆ.

ಮೊದಲು ಗೆಳೆಯರ ಮಾತು. ಕಾರ್ಟೂನ್‌ಗೆ ದನಿ ಕೊಟ್ಟರೆ ಸಿನಿಮಾ ಹೋಗುತ್ತದೆ ಅನ್ನುವುದು ಸುಳ್ಳು. ಇದಕ್ಕೆ ರಾಬಿನ್ ವಿಲಿಯಮ್ಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಮೆರಿಕದ ಸ್ಟ್ಯಾಂಡ್-ಅಪ್ ಕಲಾವಿದ, ಟಿವಿಯಿಂದ ಸಿನಿಮಾಗೆ ಬಂದವರು. 1992ರಲ್ಲಿ ಡಿಸ್ನಿಯ ‘ಅಲ್ಲಾದಿನ್’ ಚಿತ್ರದಲ್ಲಿ ದೀಪದ ಭೂತಕ್ಕೆ, ಅಂದರೆ ಜೀನಿಗೆ, ದನಿ ಕೊಟ್ಟರು. ಅವರನ್ನು ಒಪ್ಪಿಸಿದ ರೀತಿ ಚೆನ್ನಾಗಿದೆ. ಎರಿಕ್ ಗೋಲ್ಡ್‌ಬರ್ಗ್ ಅನ್ನುವ ಆನಿಮೇಟರ್ ವಿಲಿಯಮ್ಸ್ ಅವರ ಹಳೆಯ ಕಾಮಿಡಿ ರೆಕಾರ್ಡಿನ ಒಂದು ತುಣುಕು ತೆಗೆದುಕೊಂಡು ಅದರ ಮೇಲೆ ಜೀನಿಯ ಚಿತ್ರ ಬರೆದು ತೋರಿಸಿದರು. ಸ್ಟೇಜ್ ಮೇಲಿನ ತನ್ನದೇ ಮಾತಿಗೆ ಒಂದು ನೀಲಿ ಭೂತ ಕುಣಿಯುವುದನ್ನು ನೋಡಿ ಅವರು ನಕ್ಕುಬಿಟ್ಟರು. ಆಮೇಲೆ ಸ್ಟುಡಿಯೋದಲ್ಲಿ ಬರೆದುಕೊಟ್ಟ ಸಾಲು ಬಿಟ್ಟು ಮನಸ್ಸಿಗೆ ಬಂದದ್ದೆಲ್ಲ ಆಡಿದರು. ಹೆಚ್ಚುಕಡಿಮೆ 16 ಗಂಟೆ ರೆಕಾರ್ಡಿಂಗ್ ಸಿಕ್ಕಿತು ಅಂತ ಹೇಳುತ್ತಾರೆ. ಅದರಲ್ಲಿ ಆರಿಸಿಕೊಂಡು ಆನಿಮೇಟರ್‌ಗಳು ಚಿತ್ರ ಬರೆದರು.

ಇದಾದ ಮೇಲೆ ಅವರ ಮುಖ ಮರೆಯಾಯಿತಾ? ಮುಂದಿನ ವರ್ಷವೇ ‘ಮಿಸೆಸ್ ಡೌಟ್‌ಫೈರ್’ ಬಂತು. ಅದರಲ್ಲಿ ಅವರ ಪಾತ್ರವೇ ಕಾರ್ಟೂನ್‌ಗೆ ದನಿ ಕೊಡುವ ಕಲಾವಿದನದು, ಸಿನಿಮಾ ಶುರುವಾಗುವುದೇ ಡಬ್ಬಿಂಗ್ ಸ್ಟುಡಿಯೋದಲ್ಲಿ. 1997ರ ‘ಗುಡ್ ವಿಲ್ ಹಂಟಿಂಗ್’ ಚಿತ್ರದ ಗಂಭೀರ ಪಾತ್ರಕ್ಕೆ ಆಸ್ಕರ್ ಸಿಕ್ಕಿತು. ಅಮೆರಿಕದ ಕಾಮಿಡಿ ನಟ ಎಡ್ಡಿ ಮರ್ಫಿ ಕೂಡ ಹಾಗೇ. 1998ರಲ್ಲಿ ‘ಮುಲಾನ್’ ಚಿತ್ರದ ಪುಟ್ಟ ಡ್ರ್ಯಾಗನ್, 2001ರಲ್ಲಿ ‘ಶ್ರೆಕ್’ ಚಿತ್ರದ ಕತ್ತೆ. ಆ ಕತ್ತೆಯ ದನಿಗೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯ ಪೋಷಕ ನಟ ವಿಭಾಗದಲ್ಲಿ ನಾಮನಿರ್ದೇಶನ ಸಿಕ್ಕಿತ್ತು. ಮುಖ ಕಾಣದ ಪಾತ್ರಕ್ಕೆ ನಟನ ಸಾಲಿನಲ್ಲೇ ಕುರ್ಚಿ ಹಾಕಿದರು.

ಆದರೆ ನಿಮಗೆ ಸುಳ್ಳು ಸಮಾಧಾನ ಹೇಳುವುದಿಲ್ಲ. ಇವರಿಬ್ಬರೂ ದನಿ ಕೊಡುವ ಹೊತ್ತಿಗೆ ದೊಡ್ಡ ಸ್ಟಾರ್‌ಗಳಾಗಿದ್ದರು. ಜೀನಿ ವಿಲಿಯಮ್ಸ್ ಅವರನ್ನು ಸ್ಟಾರ್ ಮಾಡಲಿಲ್ಲ. ಮತ್ತೊಂದು ಕಡೆ ಮೆಲ್ ಬ್ಲಾಂಕ್ ಇದ್ದಾರೆ, ಬಗ್ಸ್ ಬನ್ನಿ, ಡ್ಯಾಫಿ ಡಕ್ ಎಲ್ಲಕ್ಕೂ ದಶಕಗಟ್ಟಲೆ ದನಿಯಾದವರು. ಅವರ ಮುಖ ನೋಡಿದರೆ ಗುರುತು ಹಿಡಿಯುವವರು ಕಡಿಮೆ, ದನಿ ಕೇಳಿದರೆ ಜಗತ್ತಿಗೇ ಗೊತ್ತು. ಹಾಗಾಗಿ ನಾನು ಹೇಳುವುದು ಇಷ್ಟೆ. ಕರಡಿಯ ದನಿ ನಿಮ್ಮ ಸಿನಿಮಾ ಅವಕಾಶ ಕಿತ್ತುಕೊಳ್ಳುವುದಿಲ್ಲ. ಹಾಗೇ ಸಿನಿಮಾ ಅವಕಾಶ ತಂದೂ ಕೊಡುವುದಿಲ್ಲ. ‘ಕಾರ್ಟೂನ್ ಮಾಡಿದರೆ ದೊಡ್ಡ ನಿರ್ದೇಶಕರ ಕಣ್ಣಿಗೆ ಬೀಳ್ತೀನಿ’ ಅನ್ನುವ ಲೆಕ್ಕದಲ್ಲಿ ಹೋಗಬೇಡಿ. ಕೆಲಸ ಇಷ್ಟವಾದರೆ ಹೋಗಿ.

ಮುಖ ಓಡದವರ ಕೆಲಸ ಅನ್ನುವ ಮಾತಿಗೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ನಮ್ಮಲ್ಲಿ ತೊಗಲು ಗೊಂಬೆಯಾಟ ಇದೆಯಲ್ಲ, ಅದರಲ್ಲಿ ಬಿಳಿ ಪರದೆ ಹಿಂದೆ ಕೂತವರೇ ರಾಮ, ರಾವಣ, ಎಲ್ಲರಿಗೂ ಮಾತು ಕೊಡುವವರು. ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದರೆ ಊರಿಗೆ ಊರೇ ನಗುತ್ತದೆ. ಆ ನಗು ಪರದೆ ಹಿಂದಿನ ಗಂಟಲಿನದು. ತೊಗಲು ಗೊಂಬೆ ಆಡಿಸುವ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು ತೊಂಬತ್ತು ದಾಟಿತ್ತು. ಬೊಂಬೆಗೆ ಮಾತು ಕೊಟ್ಟು ನಗಿಸುವುದು ಹೊರಗಿನಿಂದ ಬಂದ ಕೆಲಸ ಅಲ್ಲ, ನಮ್ಮ ಹಳ್ಳಿಯ ಕಟ್ಟೆಗಳ ಮೇಲೆ ಆಡಿದ್ದು.

ಈಗ ನಿಮ್ಮ ಇಪ್ಪತ್ತು ಮಿಮಿಕ್ರಿ ದನಿಗಳ ವಿಷಯ. ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಸ್ಟೇಜ್‌ನಿಂದ ಬರುವ ಹುಡುಗರು ಎಡವುವುದೇ ಇಲ್ಲಿ.

ಮಿಮಿಕ್ರಿಯಲ್ಲಿ ಜನರಿಗೆ ಮೂಲ ದನಿ ಮೊದಲೇ ಗೊತ್ತಿರುತ್ತದೆ. ನೀವು ಒಂದು ಎಳೆ ಹಿಡಿದರೆ ಸಾಕು, ಉಳಿದದ್ದನ್ನು ಅವರೇ ತುಂಬಿಕೊಂಡು ಚಪ್ಪಾಳೆ ಹೊಡೆಯುತ್ತಾರೆ. ಒಂದೊಂದು ದನಿ ಅರ್ಧ ನಿಮಿಷ, ಮುಂದಕ್ಕೆ. ಕರಡಿಗೆ ಹಾಗೆ ಮೂಲ ಅಂತ ಇಲ್ಲ. ಅದು ಅಳಬೇಕು, ಓಡುತ್ತಾ ಏದುಸಿರು ಬಿಡಬೇಕು, ಗೆಳೆಯನ ಮೇಲೆ ಮುನಿಸಿಕೊಳ್ಳಬೇಕು, ಅಷ್ಟರಲ್ಲೂ ಅದೇ ಕರಡಿಯಾಗಿರಬೇಕು. ಕೆಲವು ವರ್ಷದ ಹಿಂದೆ ಒಬ್ಬ ಕಲಾವಿದ ನಮ್ಮಲ್ಲಿಗೆ ಬಂದಿದ್ದರು. ಟೆಸ್ಟ್‌ನಲ್ಲಿ ಒಂದು ಮುದಿ ಆಮೆಯ ದನಿ ಮಾಡಿ ರೂಮಲ್ಲಿದ್ದವರನ್ನೆಲ್ಲ ನಗಿಸಿದರು. ಮೂರನೇ ಗಂಟೆಗೆ ಆಮೆ ಬೇರೆ ಯಾರೋ ಆಗಿಹೋಗಿತ್ತು. ಮಾರನೇ ದಿನ ಮೊದಲ ಕಂತಿನ ಕ್ಲಿಪ್ ಹಾಕಿ ಕೇಳಿಸಿದೆ. ಅವರು ಹೆಡ್‌ಫೋನ್ ಕೆಳಗಿಟ್ಟು, ‘ಇದು ನಾನಾ ಮೇಡಂ?’ ಅಂದರು. ದನಿ ಮೂಗಿನಿಂದ ಬರುತ್ತಿತ್ತಾ, ಎದೆಯಿಂದ ಬರುತ್ತಿತ್ತಾ ಅಂತ ಅವರಿಗೇ ನೆನಪಿರಲಿಲ್ಲ. ಒಳ್ಳೆಯ ಕಲಾವಿದ, ಆದರೆ ದನಿಯನ್ನು ಹೊರಗಿನಿಂದ ಹಚ್ಚಿಕೊಂಡಿದ್ದರು.

ಪ್ಯಾಟನ್ ಆಸ್‌ವಾಲ್ಟ್ ಅಂತ ಇನ್ನೊಬ್ಬ ಅಮೆರಿಕದ ಸ್ಟ್ಯಾಂಡ್-ಅಪ್ ಕಲಾವಿದ. 2007ರ ‘ರಾಟಟೂಯಿ’ ಚಿತ್ರದಲ್ಲಿ ಅಡುಗೆ ಹುಚ್ಚಿನ ಇಲಿ ರೆಮಿಗೆ ದನಿ ಕೊಟ್ಟವರು. ನಿರ್ದೇಶಕ ಬ್ರಾಡ್ ಬರ್ಡ್ ಅವರನ್ನು ಆರಿಸಿದ್ದು ಊಟದ ಬಗ್ಗೆ, ಒಂದು ಸ್ಟೇಕ್ ಹೋಟೆಲಿನ ಬಗ್ಗೆ ಅವರು ಆವೇಶದಿಂದ ಮಾಡುತ್ತಿದ್ದ ಕಾಮಿಡಿ ಕೇಳಿ. ಇಲಿ ದನಿ ಮಾಡಿ ತೋರಿಸಿ ಅಂತ ಕರೆದದ್ದಲ್ಲ. ಆ ಮನುಷ್ಯ ಊಟದ ವಿಷಯ ಬಂದಾಗ ಹೇಗೆ ಮಾತಾಡುತ್ತಾನೋ ಅದೇ ಇಲಿಗೆ ಬೇಕಿತ್ತು. ನಿಮಗೂ ಅದನ್ನೇ ಹೇಳುತ್ತೇನೆ. ಕರಡಿ ಪುಕ್ಕಲು ಅಲ್ವಾ? ನೀವು ಕತ್ತಲಲ್ಲಿ, ನಾಯಿ ಅಟ್ಟಿಸಿಕೊಂಡು ಬಂದಾಗ, ಮೊದಲ ಸಲ ಸ್ಟೇಜ್ ಹತ್ತಿದಾಗ ಹೇಗೆ ಮಾತಾಡಿದ್ದಿರಿ ನೆನಪಿಸಿಕೊಳ್ಳಿ. ಅಲ್ಲಿಂದ ಶುರು ಮಾಡಿ. ಆಮೇಲೆ ಬೇಕಾದರೆ ಸ್ವಲ್ಪ ದಪ್ಪ ಮಾಡಿ.

ಇನ್ನೊಂದು ವ್ಯತ್ಯಾಸ ಗೊತ್ತಿರಲಿ. ವಿಲಿಯಮ್ಸ್ ಮಾಡಿದ್ದು ಮೂಲ ದನಿ, ಅಲ್ಲಿ ಮಾತು ಮೊದಲು, ಚಿತ್ರ ಆಮೇಲೆ. ನೀವು ಮಾಡುವುದು ಡಬ್ಬಿಂಗ್. ಕರಡಿಯ ಬಾಯಿ ಆಗಲೇ ಆಡಿ ಮುಗಿದಿದೆ, ಆ ಬಾಯಿಗೆ ನೀವು ಕನ್ನಡ ಕೂರಿಸಬೇಕು. ಪ, ಬ, ಮ ಹೇಳುವಾಗ ತುಟಿ ಮುಚ್ಚುತ್ತದೆ. ಪರದೆ ಮೇಲಿನ ಕರಡಿ ಇಂಗ್ಲಿಷಿನಲ್ಲಿ ‘ಓ ಮೈ’ ಅಂದಿದ್ದರೆ ನಡುವೆ ಒಂದು ಸಲ ತುಟಿ ಮುಚ್ಚಿರುತ್ತದೆ. ಅಲ್ಲಿ ‘ಅಯ್ಯೋ ದೇವ್ರೇ’ ಅಂದರೆ ಎಲ್ಲೋ ತಪ್ಪಿದೆ ಅಂತ ಮಗುವಿಗೂ ಅನ್ನಿಸುತ್ತದೆ. ‘ಓಯಮ್ಮಾ’ ಅಂದು ನೋಡಿ, ಕೂತುಬಿಡುತ್ತದೆ. ಅದೇ ಕರಡಿ ‘ಓ ನೋ’ ಅಂದಿದ್ದರೆ ‘ಅಯ್ಯೋ’ ಸಾಕು, ಕೊನೆಗೆ ಬಾಯಿ ದುಂಡಗೇ ಇರುತ್ತದೆ. ದಿನಕ್ಕೆ ಇಂಥ ನೂರಾರು ಸಣ್ಣ ಲೆಕ್ಕ ಇರುತ್ತದೆ. ನಗಿಸುವವರಿಗೆ ಇನ್ನೊಂದು ಕಷ್ಟವೂ ಇದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಎಷ್ಟೋ ಸಲ ಪಂಚ್ ಬೀಳುವುದೂ ಕೊನೆಗೇ. ಇಂಗ್ಲಿಷ್ ಕರಡಿ ಪಂಚ್ ಹೇಳಿ ಆಗಲೇ ಕಣ್ಣು ಅರಳಿಸಿರುತ್ತದೆ, ನೀವಿನ್ನೂ ವಾಕ್ಯದ ನಡುವೆ ಇರುತ್ತೀರಿ. ಆಗ ವಾಕ್ಯವನ್ನೇ ತಿರುಗಿಸಿ ಕಟ್ಟಬೇಕು.

ನಿಮ್ಮಂಥವರು ಬರಬೇಕು ಅಂತ ನನಗೆ ಆಸೆ ಇರುವುದು ಇದಕ್ಕೇ. ನಮಗೆ ಬರುವ ಎಷ್ಟೋ ಸ್ಕ್ರಿಪ್ಟ್‌ಗಳು ಪದಕ್ಕೆ ಪದ ಇಟ್ಟ ಅನುವಾದ. ‘ಇದು ಒಳ್ಳೆಯ ಉಪಾಯ ಎಂದು ನನಗೆ ಅನಿಸುವುದಿಲ್ಲ’ ಅಂತ ಒಂದು ಪುಕ್ಕಲು ಕರಡಿ ಹೇಳುತ್ತಾ? ‘ಯಾಕೋ ಎದೆ ಡವಡವ ಅಂತಿದೆ ಕಣೋ’ ಅನ್ನುತ್ತದೆ. ಎಂಟು ವರ್ಷ ಸ್ಟೇಜ್ ಮೇಲೆ ಜನರ ಮುಖ ನೋಡಿ ಮಾತಾಡಿದವರಿಗೆ ಇಂಥ ಸಾಲು ತಾನಾಗಿ ಬರುತ್ತದೆ. ಸಾಲು ಬದಲಾಯಿಸಬಹುದಾ ಅಂತ ಡಬ್ಬಿಂಗ್ ನಿರ್ದೇಶಕರನ್ನು ಮೊದಲೇ ಕೇಳಿ, ಒಳ್ಳೆಯವರು ಬೇಡ ಅನ್ನುವುದಿಲ್ಲ. ದಾವಣಗೆರೆ ಮಾತನ್ನು ಅಳಿಸಿ ಹಾಕಿ ಅಂದರೂ ಸ್ವಲ್ಪ ವಾದ ಮಾಡಿ. ಕಾರ್ಟೂನ್‌ನ ಎಲ್ಲ ಪ್ರಾಣಿಗಳೂ ಪಾಠ ಓದಿದ ಹಾಗೆ ಮಾತಾಡಬೇಕಾಗಿಲ್ಲ.

ಇಲ್ಲಿನ ಮಾರುಕಟ್ಟೆ ಹೇಗಿದೆ ಅಂತಲೂ ತಿಳಿದಿರಲಿ. 1960ರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗ್‌ಗೆ ಬಾಗಿಲು ಹಾಕಿತ್ತು. ಪಕ್ಕದ ಭಾಷೆಯ ದೊಡ್ಡ ಚಿತ್ರಗಳ ಮುಂದೆ ನಮ್ಮ ಚಿತ್ರಗಳು ನಿಲ್ಲಬೇಕು ಅನ್ನುವ ಕಾಳಜಿ ಅದರ ಹಿಂದೆ ಇತ್ತು. 2009ರಲ್ಲಿ ಮಕ್ಕಳ ಚಾನೆಲ್ ಚಿಂಟು ಟಿವಿ ಬಂದ ಮೇಲೆ ನಮ್ಮ ಮಕ್ಕಳು ದಿನಾ ಕನ್ನಡದಲ್ಲಿ ಕಾರ್ಟೂನ್ ನೋಡುವ ಹಾಗಾಯಿತು. 2015ರಲ್ಲಿ ಮಾರುಕಟ್ಟೆಯ ಪೈಪೋಟಿ ಕಾಯುವ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸರಿಯಲ್ಲ ಅಂತ ಆದೇಶ ಕೊಟ್ಟಿತು. 2025ರಲ್ಲಿ ‘ಮಹಾವತಾರ್ ನರಸಿಂಹ’ದಂಥ ಪೂರ್ತಿ ಆನಿಮೇಷನ್ ಸಿನಿಮಾವನ್ನು ಜನ ಥಿಯೇಟರ್‌ಗೆ ಹೋಗಿ ಕನ್ನಡದಲ್ಲೂ ನೋಡಿದರು. ಕೆಲಸ ಜಾಸ್ತಿಯಾಗುತ್ತಿದೆ, ನಿಜ. ಆದರೆ ನಮ್ಮಲ್ಲಿ ಈಗಲೂ ಬಹುಪಾಲು ಡಬ್ಬಿಂಗ್, ಮೂಲ ಆನಿಮೇಷನ್ ತೀರಾ ಕಡಿಮೆ. ದುಡ್ಡು ಕಂತಿನ ಲೆಕ್ಕಕ್ಕೋ ಗಂಟೆಯ ಲೆಕ್ಕಕ್ಕೋ ಬರುತ್ತದೆ, ತಡವಾಗಿಯೂ ಬರುತ್ತದೆ. ಇದೊಂದನ್ನೇ ನಂಬಿ ಸ್ಟೇಜ್ ಕಾರ್ಯಕ್ರಮ ಬಿಡಬೇಡಿ.

ಗಂಟಲಿಗೆ ಬರೋಣ. ಟೆಸ್ಟ್ ದಿನ ಸಂಜೆ ದನಿ ಕಟ್ಟಿತು ಅಂದಿರಿ. ಗಂಟಲಿನಲ್ಲಿ ಎರಡು ಪುಟ್ಟ ಮಡಿಕೆಗಳಿವೆ, ಮಾತಾಡುವಾಗ ಅವು ಒಂದಕ್ಕೊಂದು ತಗಲುತ್ತಾ ನಡುಗುತ್ತವೆ. ನೀವು ಕರಡಿಗೆ ಅಂತ ಗಂಟಲು ಬಿಗಿದು ಗೊರಗೊರ ದನಿ ಮಾಡಿದ್ದಿರಬೇಕು. ಹಾಗೆ ಬಿಗಿದಾಗ ಅವು ಒತ್ತಿ ಉಜ್ಜುತ್ತವೆ, ಊದಿಕೊಳ್ಳುತ್ತವೆ. ಇದೇ ತಿಂಗಳುಗಟ್ಟಲೆ ನಡೆದರೆ ಗಂಟು ಕಟ್ಟಬಹುದು. ಕಲ್ಲುಸಕ್ಕರೆ, ಮೆಣಸು, ಬಿಸಿನೀರು ಹಿತ ಕೊಡುತ್ತವೆ, ಬೇಡ ಅನ್ನಲ್ಲ. ಆದರೆ ಅವು ಉಜ್ಜುವುದನ್ನು ನಿಲ್ಲಿಸುವುದಿಲ್ಲ. ಪಿಸುಮಾತಾಡಿದರೆ ದನಿಗೆ ವಿಶ್ರಾಂತಿ ಅನ್ನುವುದೂ ತಪ್ಪು ತಿಳಿವಳಿಕೆ, ಒತ್ತಿ ಪಿಸುಗುಟ್ಟಿದರೆ ಇನ್ನೂ ಆಯಾಸ. ಸುಮ್ನೆ ಇರುವುದೇ ವಿಶ್ರಾಂತಿ. ದಿನವಿಡೀ ಸ್ವಲ್ಪ ಸ್ವಲ್ಪ ನೀರು ಕುಡಿಯಿರಿ. ಕೂಗುವ, ಕಿರುಚುವ ಸಾಲುಗಳನ್ನೆಲ್ಲ ದಿನದ ಕೊನೆಗೆ ಇಡಿ ಅಂತ ಸ್ಟುಡಿಯೋದವರಿಗೆ ಹೇಳಿ. ಇದು ಎಲ್ಲ ಕಡೆ ಕೇಳುವ ಮಾತೇ, ಸಂಕೋಚ ಬೇಡ. ಹಿಂದಿನ ರಾತ್ರಿ ಆರ್ಕೆಸ್ಟ್ರಾ ಇದ್ದರೆ ಮಾರನೇ ಬೆಳಿಗ್ಗೆ ಡಬ್ಬಿಂಗ್ ಒಪ್ಪಿಕೊಳ್ಳಬೇಡಿ. ಎರಡು ಮೂರು ವಾರ ಕಳೆದರೂ ಕಟ್ಟಿದ ದನಿ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ಡಾಕ್ಟರ್ ಹತ್ತಿರ ಹೋಗಿ ತೋರಿಸಿ.

ಇನ್ನು ಆ ಒಂದು ಪುಟ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಹೆದರಿಕೆಯಾದದ್ದು ಇದೊಂದೇ.

ರಾಬಿನ್ ವಿಲಿಯಮ್ಸ್ ಕಥೆಯ ಇನ್ನೊಂದು ಭಾಗ ಇಲ್ಲಿದೆ. ಜೀನಿಗೆ ಅವರು ತಮ್ಮ ಮಾಮೂಲಿ ಸಂಭಾವನೆಗಿಂತ ತೀರಾ ಕಡಿಮೆಗೆ, ಸುಮಾರು 75,000 ಡಾಲರ್‌ಗೆ ಒಪ್ಪಿದ್ದರು. ಒಂದು ಷರತ್ತು ಇತ್ತು: ತನ್ನ ದನಿ ಇಟ್ಟುಕೊಂಡು ಆಟಿಕೆ, ಸಾಮಾನು ಮಾರಬಾರದು. ಅದನ್ನು ಮುರಿದರು ಅಂತ ಅವರು ಬಹಿರಂಗವಾಗಿ ದೂರಿದರು. ಮನಸ್ತಾಪ ಎಷ್ಟಿತ್ತು ಅಂದರೆ 1994ರ ಎರಡನೇ ಭಾಗಕ್ಕೆ ಅವರು ಬರಲೇ ಇಲ್ಲ, ಜೀನಿಗೆ ಡ್ಯಾನ್ ಕ್ಯಾಸ್ಟಲೆನೆಟಾ ದನಿ ಕೊಟ್ಟರು. ಆಮೇಲೆ ಡಿಸ್ನಿ ಬಹಿರಂಗವಾಗಿ ಕ್ಷಮೆ ಕೇಳಿ, 1996ರ ಮೂರನೇ ಭಾಗಕ್ಕೆ ವಿಲಿಯಮ್ಸ್ ವಾಪಸ್ ಬಂದರು. 2014ರಲ್ಲಿ ತೀರಿಕೊಂಡಾಗ ಗೊತ್ತಾಯಿತು, ಸತ್ತ ಮೇಲೆ 25 ವರ್ಷ, ಅಂದರೆ 2039ರ ತನಕ, ತನ್ನ ಹೆಸರು, ಚಿತ್ರ ಬಳಸುವುದಕ್ಕೆ ಅವರು ಕಾಗದದಲ್ಲೇ ಕಡಿವಾಣ ಹಾಕಿ ಹೋಗಿದ್ದರು. ಅಷ್ಟು ದೊಡ್ಡ ಕಲಾವಿದರಿಗೇ ದನಿ ಕೈಮೀರುವ ಭಯ ಇತ್ತು.

ನನ್ನದೇ ಒಂದು ಹೇಳುತ್ತೇನೆ. ಹತ್ತು ವರ್ಷದ ಹಿಂದೆ ಒಂದು ಸಣ್ಣ ಜಾಹೀರಾತಿಗೆ ಅಂತ ದನಿ ಕೊಟ್ಟೆ. ಎರಡು ವರ್ಷ ಆದಮೇಲೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಸ್ಪೀಕರಿನಲ್ಲಿ ನನ್ನದೇ ದನಿ, ನನಗೆ ಗೊತ್ತೇ ಇಲ್ಲದ ಬೇರೆ ಪದಾರ್ಥಕ್ಕೆ, ಹಳೆಯ ಸಾಲುಗಳನ್ನು ಕತ್ತರಿಸಿ ಜೋಡಿಸಿ. ಫೋನ್ ಮಾಡಿದರೆ ‘ನೀವೇ ಸಹಿ ಹಾಕಿದ್ದೀರಲ್ಲ’ ಅಂದರು. ಹಾಕಿದ್ದೆ. ‘ಎಲ್ಲ ಉದ್ದೇಶ’ ಅಂತಲೇ ಇತ್ತು.

ಈಗ ಪರಿಸ್ಥಿತಿ ಇನ್ನೂ ಸೂಕ್ಷ್ಮ. ನೀವು 52 ಕಂತು ಮುಗಿಸುವ ಹೊತ್ತಿಗೆ ಸ್ಟುಡಿಯೋ ಹತ್ತಿರ ನಿಮ್ಮ ನಗು, ಅಳು, ಕೂಗು ಎಲ್ಲದರ ಸ್ವಚ್ಛವಾದ ರೆಕಾರ್ಡಿಂಗ್ ಇರುತ್ತದೆ. ಎಐ ತಂತ್ರಾಂಶಕ್ಕೆ ನಿಮ್ಮ ದನಿ ಕಲಿಸುವುದಕ್ಕೆ ಅದು ಧಾರಾಳ ಸಾಕು. 53ನೇ ಕಂತಿಗೆ ನಿಮ್ಮನ್ನು ಕರೆಯದೇ ಇರಬಹುದು. 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್, ಒಪ್ಪಿಗೆ ಇಲ್ಲದೆ ಕಲಾವಿದನ ದನಿಯನ್ನು ಎಐನಿಂದ ನಕಲು ಮಾಡಿಸುವುದಕ್ಕೆ ತಡೆ ಕೊಟ್ಟಿದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲೂ 2012ರ ತಿದ್ದುಪಡಿ ಆದಮೇಲೆ, ಇದು ನಾನು ಮಾಡಿದ್ದು ಅಂತ ಹೆಸರು ಹೇಳಿಸಿಕೊಳ್ಳುವ ಹಕ್ಕು, ಹೆಸರಿಗೆ ಕುಂದು ಬರುವ ಹಾಗೆ ತಿರುಚಿದರೆ ತಡೆಯುವ ಹಕ್ಕು ಕಲಾವಿದರಿಗೆ ಇದೆ. ಆದರೆ ‘ಒಪ್ಪಿಗೆ ಇಲ್ಲದೆ’ ಅನ್ನುವುದು ಮುಖ್ಯ. ನೀವು ‘ಎಲ್ಲ ಉದ್ದೇಶ, ಶಾಶ್ವತ’ ಅಂತ ಸಹಿ ಹಾಕಿದರೆ ಒಪ್ಪಿಗೆ ಕೊಟ್ಟಿದ್ದಾರೆ ಅಂತಲೇ ಅವರು ವಾದಿಸುತ್ತಾರೆ. ಹೈಕೋರ್ಟಿಗೆ ಹೋಗುವಷ್ಟು ದುಡ್ಡು, ಸಮಯ ನನ್ನ ಹತ್ತಿರವೂ ಇಲ್ಲ, ನಿಮ್ಮ ಹತ್ತಿರವೂ ಇಲ್ಲ.

ಹಾಗಾದರೆ ಏನು ಮಾಡಬಹುದು? ಹಾಗೇ ಸಹಿ ಹಾಕಿ ಕೆಲಸ ಶುರು ಮಾಡಬಹುದು. ಎಷ್ಟೋ ಜನ ಅದನ್ನೇ ಮಾಡುತ್ತಾರೆ, ಅವರನ್ನು ನಾನು ತಪ್ಪು ಅನ್ನಲಾರೆ, ಮನೆ ನಡೆಯಬೇಕಲ್ಲ. ಆದರೆ ಅಪಾಯ ಏನು ಅಂತ ಮೇಲೆ ಹೇಳಿದ್ದೇನೆ. ಪೂರ್ತಿ ಬೇಡ ಅನ್ನಬಹುದು, ಅದು ನಿಮ್ಮ ವಿಷಯದಲ್ಲಿ ನನಗೆ ಇಷ್ಟವಿಲ್ಲ. 52 ಕಂತು ಒಂದೇ ಪಾತ್ರ ಹಿಡಿದು ನಿಲ್ಲುವ ಅಭ್ಯಾಸ ಯಾವ ಶಾಲೆಯಲ್ಲೂ ಸಿಗುವುದಿಲ್ಲ. ಸಿನಿಮಾದಲ್ಲಿ ನಿಮಗೆ ಸಿಕ್ಕ ಗೆಳೆಯನ ಪಾತ್ರಗಳಲ್ಲಿ ಒಂದು ಪೂರ್ತಿ ದೃಶ್ಯ ನಿಮ್ಮ ಹೆಗಲ ಮೇಲೆ ಬಿದ್ದದ್ದು ಎಷ್ಟು ಸಲ? ಇಲ್ಲಿ ವಾರಕ್ಕೊಮ್ಮೆ ಬೀಳುತ್ತದೆ. ಮುಂದೆ ನಿಮ್ಮ ಸಿನಿಮಾ ಪಾತ್ರಕ್ಕೆ ನೀವೇ ಡಬ್ ಮಾಡುವಾಗ ಅದರ ಉಪಯೋಗ ಗೊತ್ತಾಗುತ್ತದೆ.

ನಾನಾಗಿದ್ದರೆ ಮೂರು ಸಾಲು ಸೇರಿಸಿ ಅಂತ ಕೇಳುತ್ತಿದ್ದೆ. ಈ ರೆಕಾರ್ಡಿಂಗ್ ಈ ಸರಣಿಗೆ, ಅದರ ಪ್ರಚಾರಕ್ಕೆ ಮಾತ್ರ. ಬರಹದಲ್ಲಿ ಬೇರೆ ಒಪ್ಪಿಗೆ ಇಲ್ಲದೆ ನನ್ನ ದನಿಯ ನಕಲು ಮಾಡುವಂತಿಲ್ಲ, ಎಐಗೆ ಕಲಿಸುವಂತಿಲ್ಲ. ಕನ್ನಡ ಅವತರಣಿಕೆಯಲ್ಲಿ ನನ್ನ ಹೆಸರು ಹಾಕಬೇಕು. ದುಡ್ಡು ಯಾವ ದಿನಕ್ಕೆ ಅನ್ನುವುದನ್ನೂ ಬರೆಸಿಕೊಳ್ಳಿ. ಜಗಳದ ದನಿಯಲ್ಲಿ ಕೇಳಬೇಡಿ, ‘ವಕೀಲರು ಹೀಗೆ ಹೇಳಿದ್ದಾರೆ ಸರ್’ ಅಂದರೆ ಸಾಕು, ಅದಕ್ಕೆ ಮೊದಲು ನಿಜವಾಗಿಯೂ ಒಬ್ಬ ವಕೀಲರಿಗೆ ತೋರಿಸಿ. ಎಲ್ಲಕ್ಕೂ ಒಪ್ಪದಿದ್ದರೆ ಹೆಸರು ಬಿಟ್ಟುಕೊಟ್ಟರೂ ಪರವಾಗಿಲ್ಲ, ನಕಲಿನ ಸಾಲು ಬಿಡಬೇಡಿ. ಅದಕ್ಕೂ ಒಪ್ಪದಿದ್ದರೆ ಈ ಕರಡಿಯನ್ನು ಬಿಟ್ಟುಬಿಡಿ, ಬೇರೆ ಪ್ರಾಣಿ ಸಿಗುತ್ತದೆ. ಇನ್ನೊಂದು, ಬೇರೆ ನಟರ ದನಿಯಲ್ಲಿ ಕರಡಿ ಮಾಡಿ ಅಂತ ಯಾರಾದರೂ ಕೇಳಿದರೆ ಒಪ್ಪಬೇಡಿ. ನಮ್ಮ ದನಿಗೆ ನಾವು ಕೇಳುವ ಮರ್ಯಾದೆಯನ್ನು ಅವರ ದನಿಗೂ ಕೊಡಬೇಕು.

ಸೋಮವಾರ ಹೋಗುವುದಾದರೆ ಹತ್ತಿಯ ಶರ್ಟ್ ಹಾಕಿಕೊಂಡು ಹೋಗಿ, ನೈಲಾನ್ ಜಾಕೆಟ್ಟಿನ ಸರಪರ ಸದ್ದನ್ನು ಮೈಕ್ ಬಿಡುವುದಿಲ್ಲ. ಬೀಗದ ಕೈ, ಚಿಲ್ಲರೆ ಹೊರಗೆ ಇಡಿ. ಮೊದಲ ದಿನ ಸರಿಹೋದ ಒಂದು ಸಾಲನ್ನು ಫೋನಿಗೆ ಹಾಕಿಸಿಕೊಳ್ಳಿ, ಪ್ರತಿ ಸಲ ಒಳಗೆ ಹೋಗುವ ಮೊದಲು ಅದನ್ನು ಕೇಳಿ ಹೋದರೆ ಕರಡಿ ಎಲ್ಲಿತ್ತೋ ಅಲ್ಲೇ ಸಿಗುತ್ತದೆ. ಖಾಲಿ ಹೊಟ್ಟೆಯಲ್ಲಂತೂ ಹೋಗಬೇಡಿ, ಒಳ್ಳೆಯ ಟೇಕ್ ನಡುವೆ ಹೊಟ್ಟೆ ಗುರ್ ಅಂದರೆ ಅದೂ ರೆಕಾರ್ಡ್ ಆಗುತ್ತದೆ. ಎರಡು ಇಡ್ಲಿ ತಿಂದುಕೊಂಡು ಹೋಗಿ.